ಅಂಗಿ ಗುಂಡಿಯೂ ಒಂದು ವಿದ್ಯೆ: ‘ಓಟಿ’ಗೆ ಬಸ್ ಹತ್ತಿ ಬರುವ ಮಕ್ಕಳ ಪಾಡು

ಬೆಳಗ್ಗೆ ಒಂಬತ್ತರ ಹೊತ್ತಿಗೆ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಜನರ ನಡುವೆ ಒಂದು ಬಗೆಯ ತಾಯಂದಿರನ್ನು ಬೇಗ ಗುರುತಿಸಬಹುದು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿಗೆ ತುರುಕಿದ ದಪ್ಪ ಫೈಲು, ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದ ಮಗುವಿನ ಮಣಿಕಟ್ಟು. ಮಗುವಿಗೆ ಏಳೋ ಎಂಟೋ ವರ್ಷ. ಎರಡೂ ಕಿವಿ ಮುಚ್ಚಿಕೊಳ್ಳಬೇಕು ಅದಕ್ಕೆ. ಒಂದು ಕೈ ಅಮ್ಮನ ಹಿಡಿತದಲ್ಲಿ ಸಿಕ್ಕಿಕೊಂಡಿರುವುದರಿಂದ ಒಂದೇ ಕಿವಿ ಮುಚ್ಚಲು ಆಗುತ್ತದೆ. ಹಿಂದಿನಿಂದ ಬಸ್ಸೊಂದು ಹಾರನ್ ಬಾರಿಸಿತೋ, ಮುಗಿಯಿತು. ಅಲ್ಲೇ ಕೂತು ಚೀರಾಟ. ಸುತ್ತ ನಿಂತವರಿಗೆ ಬುದ್ಧಿ ಹೇಳುವ ಚಪಲ. “ಏನಮ್ಮಾ, ಇಷ್ಟು ದೊಡ್ಡ ಹುಡುಗನ್ನ ಹೀಗೆ ಮುದ್ದು ಮಾಡಿ ಕೆಡಿಸಿದ್ದೀರಲ್ಲ, ಎರಡು ಬಿಟ್ರೆ ಸರಿಹೋಗ್ತಾನೆ.” ತಾಯಿ ಉತ್ತರ ಕೊಡುವುದಿಲ್ಲ. ಕೊಟ್ಟು ಕೊಟ್ಟು ಸಾಕಾಗಿರುತ್ತದೆ. ಮಗುವನ್ನು ಎತ್ತಿಕೊಂಡು ಸಿಟಿ ಬಸ್ಸಿನ ಕಡೆ ನಡೆಯುತ್ತಾಳೆ.

ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟಿನವಳು ಕೇಳುತ್ತಾಳೆ: “ಎಲ್ಲಿಗಮ್ಮಾ ಕರ್ಕೊಂಡೋಗ್ತಿರೋದು?”

“ಸ್ಪೀಚ್ ಅಂಡ್ ಹಿಯರಿಂಗ್‌ಗೆ ಕಣಕ್ಕಾ. ಇವತ್ತು ಓಟಿ ಐತೆ.”

“ಅಯ್ಯೋ ದೇವ್ರೇ! ಆಪರೇಷನ್ನಾ?”

ನಗುವ ಮಾತಲ್ಲ. ಆಪರೇಷನ್ ಥಿಯೇಟರಿಗೂ ಓಟಿ ಅಂತಾರೆ, ಫ್ಯಾಕ್ಟರಿಯಲ್ಲಿ ಪಾಳಿ ಮುಗಿದ ಮೇಲೂ ದುಡಿದರೆ ಸಿಗುವ ಹೆಚ್ಚುವರಿ ಕಾಸಿಗೂ ಓಟಿ ಅಂತಾರೆ. ಇದು ಎರಡೂ ಅಲ್ಲದ ಮೂರನೇ ಓಟಿ: ಆಕ್ಯುಪೇಷನಲ್ ಥೆರಪಿ. ಕನ್ನಡ ಮಾಡಿದ ಪಂಡಿತರು ಇದಕ್ಕೆ ‘ಔದ್ಯೋಗಿಕ ಚಿಕಿತ್ಸೆ’ ಅಂತ ಹೆಸರಿಟ್ಟು ಇನ್ನಷ್ಟು ಗೋಜಲು ಮಾಡಿಟ್ಟಿದ್ದಾರೆ. ಬೋರ್ಡು ಓದಿದವರು, ಇಲ್ಲಿ ಹುಡುಗನಿಗೆ ಉದ್ಯೋಗ ಕೊಡಿಸ್ತಾರೇನೋ ಅಂದುಕೊಂಡರೆ ತಪ್ಪು ಓದಿದವರದ್ದಲ್ಲ. ಇಂಗ್ಲಿಷಿನ ಆ ಪದಕ್ಕೆ ಇಲ್ಲಿರುವ ಅರ್ಥ, ಮನುಷ್ಯ ಬೆಳಗಿನಿಂದ ರಾತ್ರಿವರೆಗೆ ತನ್ನ ದಿನವನ್ನು ತುಂಬಿಕೊಳ್ಳುವ ಎಲ್ಲ ಕೆಲಸ. ಹಲ್ಲುಜ್ಜುವುದು, ಗುಂಡಿ ಹಾಕುವುದು, ತಟ್ಟೆಯಿಂದ ಅನ್ನ ಕಲಸಿ ತಿನ್ನುವುದು, ಪೆನ್ಸಿಲ್ ಹಿಡಿಯುವುದು, ಆಡುವುದು, ಬಸ್ಸಿನಲ್ಲಿ ಕೂರುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದು. ‘ದಿನಗೆಲಸದ ತರಬೇತಿ’ ಅಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಆದರೆ ತಿಳಿಯುವ ಹಾಗೆ ಹೆಸರಿಟ್ಟರೆ ಸರ್ಕಾರಿ ಕಡತಕ್ಕೆ ತೂಕ ಎಲ್ಲಿಂದ ಬರಬೇಕು?

ವಿದ್ಯೆ ಹೊಸತೇನಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬ್ಕರ್ ಎಂಬ ಹೆಣ್ಣುಮಗಳು 1950ರಲ್ಲೇ ಬೊಂಬಾಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದನ್ನು ಕಲಿಸುವ ಶಾಲೆ ಶುರು ಮಾಡಿದರು. 1952ರಲ್ಲಿ ಜಗತ್ತಿನ ಹತ್ತು ದೇಶಗಳು ಸೇರಿ ಈ ವೃತ್ತಿಯ ವಿಶ್ವ ಒಕ್ಕೂಟ ಕಟ್ಟಿದಾಗ ಆ ಹತ್ತರಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಪದವಿ ಓದಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದರ ವಿಭಾಗವಿದೆ. ಮೈಸೂರಿನಲ್ಲಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಇಲಾಖೆಗೆ ಸೇರಿದ್ದು, ಆಟೋದವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. ಹೆಸರು ಮಾತು ಮತ್ತು ಕಿವಿಯದ್ದಾದರೂ, ಮಾತು ಬರಲಿಲ್ಲ ಅಂತ ಬಂದ ಮಗುವಿಗೆ ಮಾತಿನದ್ದೊಂದೇ ತೊಂದರೆ ಇರುವುದಿಲ್ಲವಲ್ಲ. ಹಾಗಾಗಿ ಅಲ್ಲಿ ಈ ದಿನಗೆಲಸದ ತರಬೇತಿಯೂ ಸೇರಿಕೊಂಡಿದೆ.

ಯಾವ ಮಕ್ಕಳಿವು?

ಆಟಿಸಂ ಇರುವವರು, ಒಂದು ಕಡೆ ಕೂರಲಾರದ, ಗಮನ ನಿಲ್ಲದ ಎ.ಡಿ.ಎಚ್.ಡಿ. ಮಕ್ಕಳು, ಅಕ್ಷರ ತಿರುಗುಮುರುಗಾಗುವ ಕಲಿಕಾ ತೊಡಕಿನವರು, ಬುದ್ಧಿ ನಿಧಾನವಾದವರು, ಕೈಕಾಲಿನ ಹೊಂದಾಣಿಕೆ ಸಾಲದೆ ಸದಾ ಎಡವಿ ಬೀಳುವವರು. ಈಚೆಗೆ ಇವರಲ್ಲಿ ಅನೇಕರನ್ನು ‘ನ್ಯೂರೋಡೈವರ್ಜೆಂಟ್’ ಎಂದು ಕರೆಯುವ ರೂಢಿ ಬಂದಿದೆ. ಮೆದುಳು ಕೆಟ್ಟಿಲ್ಲ, ಅದು ಹಿಡಿದ ದಾರಿ ಬೇರೆ ಎಂಬ ಅರ್ಥದಲ್ಲಿ. ಊರಿನ ಭಾಷೆಯಲ್ಲಿ ಇವರಿಗಿರುವ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಎಲ್ಲರಿಗೂ ಗೊತ್ತು, ಎಲ್ಲರೂ ಒಂದಲ್ಲ ಒಂದು ದಿನ ಬಳಸಿದವರೇ.

ಎಲ್ಲೋ ಲಕ್ಷಕ್ಕೊಬ್ಬರು ಇರಬೇಕು ಅಂದುಕೊಂಡರೆ ಅದು ತಪ್ಪು ಲೆಕ್ಕ. ಪಲ್ವಲ್, ಕಾಂಗ್ರಾ, ಢೆಂಕನಾಲ್, ಉತ್ತರ ಗೋವಾ, ಹೈದರಾಬಾದ್, ಈ ಐದು ಕಡೆ 3,964 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಎರಡರಿಂದ ಆರು ವರ್ಷದೊಳಗಿನವರಲ್ಲಿ ನೂರಕ್ಕೆ 9.2, ಆರರಿಂದ ಒಂಬತ್ತು ವರ್ಷದವರಲ್ಲಿ ನೂರಕ್ಕೆ 13.6 ಮಕ್ಕಳಿಗೆ ಬೆಳವಣಿಗೆಯ ಒಂದಾದರೂ ತೊಡಕು ಕಂಡಿತು. ಕಿವಿ, ಕಣ್ಣು, ಮೂರ್ಛೆರೋಗ ಎಲ್ಲ ಸೇರಿಸಿದ ಲೆಕ್ಕ ಅದು. ಎಲ್ಲರಿಗೂ ಓಟಿ ಬೇಕು ಅಂತಲ್ಲ. ಆದರೂ ಐವತ್ತು ಮಕ್ಕಳ ತರಗತಿಯಲ್ಲಿ ಆರೇಳು ಮಂದಿ ಆದರು. ಮೇಷ್ಟರು ‘ಸೋಮಾರಿ’ ಅಂತ ಹೊರಗೆ ನಿಲ್ಲಿಸುವವರು ಇವರಲ್ಲೇ ಎಷ್ಟು ಮಂದಿಯೋ.

ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರಿಗೆ ಈ ತೊಡಕು ಹೇಳಿದರೆ ಬೇಗ ಅರ್ಥವಾದೀತು. ಪಂಚೇಂದ್ರಿಯ ಐದು ಅಂತ ಶಾಲೆಯಲ್ಲಿ ಕಲಿತಿದ್ದೇವೆ ಅನ್ನುತ್ತಾರೆ ಎಲ್ಲರೂ. ಇನ್ನೆರಡಿವೆ. ತಿರುವಿನಲ್ಲಿ ಬಸ್ಸು ವಾಲಿದಾಗ ಬೀಳದಂತೆ ಮೈ ತಾನಾಗಿ ಸರಿದುಕೊಳ್ಳುತ್ತದಲ್ಲ, ಅದು ಒಂದು, ಒಳಗಿವಿಯ ಕೆಲಸ. ಕಣ್ಣು ಮುಚ್ಚಿದ್ದರೂ ತನ್ನ ಕೈ ಎಲ್ಲಿದೆ, ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ ತಿಳಿಯುತ್ತದಲ್ಲ, ಅದು ಇನ್ನೊಂದು. ಕೀಲು ಮತ್ತು ಮಾಂಸಖಂಡಗಳಿಂದ ಹೋಗುವ ಸುದ್ದಿ. ಈ ಏಳೂ ಕಡೆಯಿಂದ ಬರುವ ಸುದ್ದಿಯನ್ನು ಮೆದುಳು ತೂಗಿ, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಇಟ್ಟುಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಈ ತಕ್ಕಡಿಯ ಮುಳ್ಳು ಬೇರೆ ಕಡೆ ನಿಂತಿರುತ್ತದೆ. ಕುಕ್ಕರಿನ ಸೀಟಿ ಸಿಡಿಲಾಗುತ್ತದೆ. ಅಂಗಿಯ ಕತ್ತಿನ ಪಟ್ಟಿಯಲ್ಲಿ ಹೊಲಿದ ಚೀಟಿ ಮುಳ್ಳಾಗುತ್ತದೆ. ಮೊಸರನ್ನ ಬಾಯಿಗಿಟ್ಟರೆ ವಾಂತಿ. ಇನ್ನು ಕೆಲವರಿಗೆ ಸುದ್ದಿಯೇ ಸಾಲದು: ಮಂಡಿ ಒಡೆದರೂ ಅಳುವುದಿಲ್ಲ, ಗಿರಗಿರ ಸುತ್ತುತ್ತಾರೆ, ಕಾಲರ್ ಕಚ್ಚಿ ಚಿಂದಿ ಮಾಡುತ್ತಾರೆ, ಕಂಡ ಕಂಡಲ್ಲಿ ಹಾರುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರ ಆವೃತ್ತಿಯಿಂದ ಇದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೇ ಸೇರಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಕಿವಿ ಮುಚ್ಚಿ ಕೂತ ಆ ಹುಡುಗನಿಗೆ ಮುದ್ದು ಹೆಚ್ಚಾಗಿರಲಿಲ್ಲ. ಹಾರನ್ ಹೆಚ್ಚಾಗಿತ್ತು.

ಒಳಗೆ ಏನು ನಡೆಯುತ್ತದೆ

ಮೊದಲ ದಿನ ಹೋದವರಿಗೆ ನಿರಾಸೆ ಖಂಡಿತ. ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ, ಮೆಷಿನ್ನಿಲ್ಲ. ಉಯ್ಯಾಲೆ, ದೊಡ್ಡ ರಬ್ಬರ್ ಚೆಂಡು, ಚಾಪೆ, ಜೇಡಿಮಣ್ಣು, ಮಣಿ, ದಾರ, ಬಟ್ಟೆ ಒಣಹಾಕುವ ಕ್ಲಿಪ್ಪು. “ಇಷ್ಟಕ್ಕಾ ನೂರು ಕಿಲೋಮೀಟರ್ ಬಂದಿದ್ದು? ಇದು ನಮ್ಮ ಹಟ್ಟೀಲೂ ಐತಲ್ಲ” ಅನ್ನುವ ತಂದೆ ಸುಳ್ಳು ಹೇಳುತ್ತಿಲ್ಲ. ಸಾಮಾನು ಹಟ್ಟಿಯಲ್ಲೂ ಇದೆ. ಕ್ಲಿಪ್ಪನ್ನು ಅದುಮಿ ಅದುಮಿ ಬಲ ಬಂದ ಹೆಬ್ಬೆಟ್ಟು ಮತ್ತು ತೋರುಬೆರಳೇ ನಾಳೆ ಪೆನ್ಸಿಲ್ ಹಿಡಿಯಬೇಕು ಅನ್ನುವ ಲೆಕ್ಕ ಮಾತ್ರ ಹಟ್ಟಿಯಲ್ಲಿಲ್ಲ.

ಗುಂಡಿಯ ವಿಷಯವನ್ನೇ ತೆಗೆದುಕೊಳ್ಳಿ. ಗುಂಡಿ ಹಾಕುವುದು ಒಂದು ಕೆಲಸ ಅಂತ ದೊಡ್ಡವರು ತಿಳಿದಿದ್ದಾರೆ. ಅದು ಆರೇಳು ಕೆಲಸ. ಅಂಗಿಯ ಎರಡು ಅಂಚನ್ನು ಸಮ ಹಿಡಿಯಬೇಕು, ಗುಂಡಿಯನ್ನು ಬೆರಳತುದಿಯಲ್ಲಿ ಓರೆ ಮಾಡಬೇಕು, ಇನ್ನೊಂದು ಕೈಯಿಂದ ಕಾಜ ತೆರೆಯಬೇಕು, ತೂರಿಸಬೇಕು, ಆ ಕಡೆಯಿಂದ ಹಿಡಿದು ಎಳೆಯಬೇಕು. ಇದರಲ್ಲಿ ಒಂದು ತಪ್ಪಿದರೂ ಅಂಗಿ ಬಾಯಿಬಿಟ್ಟುಕೊಂಡೇ ಇರುತ್ತದೆ. ಥೆರಪಿಸ್ಟ್ ಕೆಲಸವನ್ನು ಹೀಗೆ ಬಿಡಿಸಿ, ಕೊನೆಯಿಂದ ಕಲಿಸುತ್ತಾರೆ. ಅಮ್ಮ ಮುಕ್ಕಾಲು ತೂರಿಸಿ ಕೊಡುವುದು, ಮಗು ಕೊನೆಯ ಎಳೆತ ಮಾತ್ರ ಎಳೆಯುವುದು. ಗುಂಡಿ ಕೂತಿತು! ಹಾಕಿದವನು ಯಾರು? ಮಗು. ಅದು ಕೈಗೆ ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಮೊದಲಿನಿಂದ ಕಲಿಸಿದರೆ ನಡುವೆ ಸೋತು ಕೂರುವ ಮಗು, ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಗೆದ್ದು ಮುಗಿಸುತ್ತದೆ. ಹೊಲಿಗೆ ಅಂಗಡಿಯಲ್ಲಿ ಹೊಸ ಹುಡುಗನಿಗೆ ಮೊದಲು ಕಾಜ-ಗುಂಡಿ ಕೊಟ್ಟು, ಕತ್ತರಿ ಕಡೆಗೆ ಕೊಡುವುದಿಲ್ಲವೇ, ಹೆಚ್ಚು ಕಮ್ಮಿ ಅದೇ ಬುದ್ಧಿ.

ಇನ್ನೊಂದು, ಚಿತ್ರದ ಪಟ್ಟಿ. ಎದ್ದಿದ್ದು, ಹಲ್ಲುಜ್ಜಿದ್ದು, ಸ್ನಾನ, ತಿಂಡಿ, ಬಸ್ಸು, ಶಾಲೆ ಅಂತ ಒಂದರ ಕೆಳಗೊಂದು ಚಿತ್ರ ಅಂಟಿಸಿ ಗೋಡೆಗೆ ಹಚ್ಚುವುದು. ಮುಂದೆ ಏನು ಅಂತ ತಿಳಿಯದೆ ಗಾಬರಿಯಾಗುವ ಮಗುವಿಗೆ ಅದು ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಇದ್ದ ಹಾಗೆ. ಬಸ್ಸು ಎಷ್ಟು ಹೊತ್ತಿಗೆ ಅಂತ ಗೊತ್ತಿಲ್ಲದೆ ನಿಂತ ದೊಡ್ಡವರೇ ಕಂಟ್ರೋಲರ್ ಮೇಲೆ ರೇಗುತ್ತಾರೆ. ಮಗು ಚೀರಿದರೆ ತಪ್ಪೇನು?

ಶಾಲೆಯಲ್ಲಿಯೂ ಇಂಥ ಸಣ್ಣ ಸಣ್ಣ ತಿದ್ದುಪಾಡೇ ದೊಡ್ಡ ಕೆಲಸ. ಕಾಲು ನೆಲಕ್ಕೆ ಮುಟ್ಟದ ಬೆಂಚಿನಲ್ಲಿ ಕೂತ ಮಗು ಬೀಳದಿರುವುದಕ್ಕೇ ಅರ್ಧ ಗಮನ ಕೊಡುತ್ತದೆ. ಕಾಲಡಿಗೆ ಒಂದು ಮಣೆ ಇಟ್ಟರೆ ಬರವಣಿಗೆ ನೆಟ್ಟಗಾಗುವುದುಂಟು. ದಪ್ಪ ಪೆನ್ಸಿಲ್, ಓರೆ ಹಲಗೆ, ಕೂರಲಾರದವನಿಗೆ ಅರ್ಧ ಗಂಟೆಗೊಮ್ಮೆ ಬೋರ್ಡು ಒರೆಸುವ ಕೆಲಸ. ಇದಕ್ಕೆಲ್ಲ ಯಾವ ಗ್ರಾಂಟೂ ಬೇಡ. ‘ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು’ ಅಂತ ಬೈಯುವ ಮೊದಲು ಹುಡುಗ ಪೆನ್ಸಿಲ್ ಹಿಡಿದ ಬೆರಳು ನೋಡುವ ವ್ಯವಧಾನ ಬೇಕು.

ಹಣ ಕೊಡುವ ಮುಂಚೆ

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಬೇಡಿಕೆ ಎಲ್ಲಿದೆಯೋ ಅಲ್ಲಿ ಬೋರ್ಡು ಏಳುತ್ತದೆ. ದೊಡ್ಡ ಊರುಗಳ ಬಡಾವಣೆಗಳಲ್ಲಿ ಬಣ್ಣ ಬಳಿದ ಕೋಣೆ, ನಾಲ್ಕು ಉಯ್ಯಾಲೆ, ‘ಸೆನ್ಸರಿ’ ಅಂತ ಶುರುವಾಗುವ ಹೆಸರು, ಫೀಸು ಮುಂಗಡ. ಅರ್ಧ ಮುಕ್ಕಾಲು ಗಂಟೆಗೆ ಐನೂರು ಅಂತ ಇಟ್ಟುಕೊಳ್ಳಿ, ವಾರಕ್ಕೆ ಮೂರು ಸಲ, ತಿಂಗಳಿಗೆ ಆರು ಸಾವಿರ, ವರ್ಷಕ್ಕೆ ಎಪ್ಪತ್ತೆರಡು ಸಾವಿರ. ಸಣ್ಣ ಅಂಗಡಿಯವನ ಮನೆಯಲ್ಲಿ ಇದು ಬಾಡಿಗೆಗಿಂತ ದೊಡ್ಡ ಲೆಕ್ಕ.

ಇಂದ್ರಿಯಗಳ ತಕ್ಕಡಿ ಸರಿಪಡಿಸುವ ಈ ಉಯ್ಯಾಲೆ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಜೀನ್ ಏರ್ಸ್ ಎಂಬ ಥೆರಪಿಸ್ಟ್. ಅವರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಅದರಿಂದ ಗುಣವಿದೆಯೇ? ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಇದು ಇರಬಹುದು, ಆದರೆ ಪುರಾವೆ ಕಡಿಮೆ, ತಂದೆತಾಯಿಗೆ ಇದನ್ನು ತಿಳಿಸಿ ಹೇಳಿ ಎಂದಿತು. 2014ರಲ್ಲಿ 32 ಆಟಿಸಂ ಮಕ್ಕಳ ಮೇಲೆ ನಡೆದ ಸಣ್ಣ ಪರೀಕ್ಷೆ, ಹತ್ತು ವಾರದ ತರಬೇತಿಯಿಂದ ಮನೆಯವರು ಇಟ್ಟುಕೊಂಡ ಗುರಿಗಳ ಕಡೆ ಮಕ್ಕಳು ಮುನ್ನಡೆದರು ಎಂದು ತೋರಿಸಿತು. 2022ರಲ್ಲಿ ಬ್ರಿಟನ್ನಿನಲ್ಲಿ 138 ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆ, ಮಾಮೂಲಿ ಸೇವೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ ಎಂದಿತು. ಇದಕ್ಕೆ ಹೋಲಿಸಿದರೆ, ಯಾವ ಕೆಲಸ ಬರಬೇಕೋ ಆ ಕೆಲಸವನ್ನೇ ಬಿಡಿಸಿ ಅಭ್ಯಾಸ ಮಾಡಿಸುವುದು, ಅಮ್ಮ ಅಪ್ಪನಿಗೆ ಕಲಿಸಿ ಮನೆಯಲ್ಲಿ ದಿನಾ ಮಾಡಿಸುವುದು, ಇವಕ್ಕೆ ಆಧಾರ ಗಟ್ಟಿಯಿದೆ. ಅಂದರೆ ಉಯ್ಯಾಲೆ ಮೋಸ ಅಂತಲ್ಲ. ಉಯ್ಯಾಲೆಯಿಂದ ಇಳಿದ ಮೇಲೆ ಮಗು ಯಾವ ಕೆಲಸ ಕಲಿಯಬೇಕು ಅಂತ ಹೇಳಲಾರದವರ ಹತ್ತಿರ ದುಡ್ಡು ಕಟ್ಟಬಾರದು.

ಹಾಗಾದರೆ ಕೇಳಬೇಕಾದ್ದು ಏನು? ಓದಿದ್ದು ಏನು ಅಂತ ಕೇಳಬೇಕು. ಬಿ.ಒ.ಟಿ. ಎಂಬ ಪದವಿ ನಾಲ್ಕು ವರ್ಷಕ್ಕೂ ಮೀರಿದ ಓದು; ಮೂರು ತಿಂಗಳ ಸರ್ಟಿಫಿಕೇಟಿನಿಂದ ಬರುವಂಥದ್ದಲ್ಲ. ಮೂರು ತಿಂಗಳಲ್ಲಿ ಮಗು ಏನು ಕಲಿಯಬೇಕು ಅಂತ ಬರೆದು ಕೊಡ್ತೀರಾ ಅಂತ ಕೇಳಬೇಕು. ಒಳಗೆ ತಾಯಿಯನ್ನು ಬಿಡ್ತೀರಾ, ಮನೆಗೆ ಏನು ಅಭ್ಯಾಸ ಕೊಡ್ತೀರಾ ಅಂತ ಕೇಳಬೇಕು. ಬಾಗಿಲು ಹಾಕಿಕೊಂಡು, ತಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸುವ ಕಡೆ ವಾರಕ್ಕೆ ಎರಡು ಗಂಟೆ ತರಬೇತಿ ಸಿಗಬಹುದು. ಉಳಿದ ನೂರ ಅರವತ್ತಾರು ಗಂಟೆ ಮಗು ಇರುವುದು ಆ ತಾಯಿಯ ಜೊತೆಗೇ. ಆಟಿಸಂ ಪೂರ್ತಿ ವಾಸಿ ಮಾಡ್ತೀವಿ ಅಂದವರ ಮೆಟ್ಟಿಲನ್ನಂತೂ ಎರಡನೇ ಸಲ ಹತ್ತಬಾರದು.

ಬೋರ್ಡು ಹಾಕುವವರ ಮೇಲೆ ಸರ್ಕಾರದ ಹಿಡಿತ ಯಾಕಿಲ್ಲ ಅಂದರೆ, ಬಹಳ ಕಾಲ ಈ ವೃತ್ತಿಗೆ ದೇಶಕ್ಕೆಲ್ಲ ಒಂದು ಕಾನೂನೇ ಇರಲಿಲ್ಲ. 2021ರಲ್ಲಿ ಪಾರ್ಲಿಮೆಂಟು ಆರೋಗ್ಯ ಸಹವೃತ್ತಿಗಳ ಆಯೋಗದ ಕಾಯಿದೆ ಮಾಡಿ ಇವರನ್ನೂ ಸೇರಿಸಿತು, ರಾಜ್ಯಗಳು ಪರಿಷತ್ತು ರಚಿಸಬೇಕೆಂದಿತು. ರಾಜ್ಯಗಳು ಎಷ್ಟು ಚುರುಕೆಂದರೆ, 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಎರಡು ತಿಂಗಳ ಗಡುವು ಕೊಟ್ಟು ಚುಚ್ಚಬೇಕಾಯಿತು.

ಕಾರ್ಡು ಇದೆ, ದಾರಿ ಇಲ್ಲ

ಕಾನೂನು ಬೇಕಾದಷ್ಟಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಹಳೆಯ ಏಳು ಬಗೆಯನ್ನು ಇಪ್ಪತ್ತೊಂದಕ್ಕೆ ಏರಿಸಿತು. ಆಟಿಸಂ, ಕಲಿಕಾ ತೊಡಕು ಪಟ್ಟಿಯೊಳಗೆ ಬಂದವು. ನೂರಕ್ಕೆ ನಲವತ್ತು ಅಂತ ಸರ್ಟಿಫಿಕೇಟು ಸಿಕ್ಕರೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಬರೆಯಲು ಜೊತೆಗಾರ, ಹೆಚ್ಚು ಸಮಯ ಸಿಗುತ್ತದೆ. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ರಕ್ಷಣೆ ಇದೆ; ಅದರೊಳಗೆ ಥೆರಪಿಗೂ ಒಂದು ಮಿತಿಯಲ್ಲಿ ದುಡ್ಡು ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇದ್ದವರಿಗೆ ಮಾತ್ರ. ತಾಯಂದಿರು ಇದನ್ನು ಕೇಳಿ ತಿಳಿದುಕೊಳ್ಳುವುದು ಹೆಚ್ಚಾಗಿ ವರಾಂಡದಲ್ಲಿ, ಪಕ್ಕದಲ್ಲಿ ಕೂತ ಇನ್ನೊಬ್ಬ ತಾಯಿಯಿಂದ.

ಆದರೆ ಆ ನಲವತ್ತರ ಗೆರೆ ನೋಡಿ. ಆಚೆಗಿದ್ದವರಿಗೆ ಸೌಲಭ್ಯ, ಈಚೆಗಿದ್ದವರಿಗೆ ಬೆತ್ತ. ಎ.ಡಿ.ಎಚ್.ಡಿ. ಅಂತೂ ಆ ಇಪ್ಪತ್ತೊಂದರ ಪಟ್ಟಿಯಲ್ಲಿ ಹೆಸರೇ ಇಲ್ಲ. ಜೊತೆಗೆ ಬೇರೆ ತೊಡಕು ಅಂಟಿಕೊಂಡಿದ್ದರೆ ಸರಿ, ಅದೊಂದೇ ಇದ್ದರೆ ಕಾರ್ಡಿಲ್ಲ, ಪಾಸಿಲ್ಲ. ಕೂರಲಾರದ ಹುಡುಗನಿಗೆ ಕಾನೂನಿನಲ್ಲೂ ಕೂರಲು ಜಾಗ ಸಿಗಲಿಲ್ಲ.

ಬೇಗ ಗುರುತಿಸಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ತಂಡ ಬರಬೇಕು, ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸಬೇಕು. ಒಳ್ಳೆಯ ಯೋಜನೆ. ಆದರೆ ಎದೆಬಡಿತದ ದೋಷ ಸ್ಟೆತಸ್ಕೋಪಿಗೆ ಕೇಳುತ್ತದೆ. ಮೂಲೆಯಲ್ಲಿ ಒಬ್ಬನೇ ಕೂತು ಚಕ್ರ ತಿರುಗಿಸುವ ಮಗು, ಜೀಪು ಬಂದು ಹೋಗುವ ಆ ಒಂದು ಗಂಟೆಯಲ್ಲಿ, ‘ತಂಟೆ ಮಾಡದ ಒಳ್ಳೆ ಮಗು’ ಅನ್ನಿಸಿಕೊಂಡುಬಿಡುತ್ತದೆ. ಅದನ್ನು ಮೊದಲು ಕಾಣಬಲ್ಲವಳು ದಿನಾ ನೋಡುವ ಅಂಗನವಾಡಿ ಕಾರ್ಯಕರ್ತೆ. ಅವಳ ತಲೆ ಮೇಲೆ ಇರುವ ರಿಜಿಸ್ಟರುಗಳ ಕಥೆ ಇನ್ನೊಂದು ದಿನಕ್ಕೆ.

ಸಿಕ್ಕಿಬಿದ್ದ ಮೇಲಿನ ಪ್ರಶ್ನೆ ದೂರದ್ದು. ಚಾಮರಾಜನಗರದ ಕಡೆಯಿಂದಲೋ, ಕೆ.ಆರ್. ಪೇಟೆ ಕಡೆಯಿಂದಲೋ ಬಂದು ಹೋಗುವ ತಾಯಿಗೆ ಮುಕ್ಕಾಲು ಗಂಟೆಯ ಪಾಠಕ್ಕೆ ಇಡೀ ದಿನ ಹೋಗುತ್ತದೆ. ಕೂಲಿ ಹೋಯಿತು, ಮನೆಯಲ್ಲಿರುವ ಇನ್ನೊಂದು ಮಗುವಿಗೆ ಊಟವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೀಟು ಇಲ್ಲವಾದ ಮೇಲೆ ಈ ತಾಯಂದಿರಿಗೆ ಆದ ಅನುಕೂಲವನ್ನು ಯೋಜನೆ ಮಾಡಿದವರೂ ಎಣಿಸಿರಲಿಕ್ಕಿಲ್ಲ. ಆದರೆ ಹುಡುಗನಿಗೆ ಹನ್ನೆರಡು ತುಂಬಿತೆಂದರೆ ಪೂರ್ತಿ ಚಾರ್ಜು. ವಾಸದ ಊರಿನಿಂದ ನೂರು ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸು ಬೇಕೆಂದರೆ ಮತ್ತೆ ಅದೇ ನಲವತ್ತರ ಗೆರೆ. ವಯಸ್ಸಿಗೆ ಬಂದ ಮಗನನ್ನು ಹೆಂಗಸೊಬ್ಬಳು ಹಿಡಿದು ನಿಲ್ಲಿಸಲಾರಳು ಅಂತ ಅಪ್ಪ ಜೊತೆಗೆ ಹೊರಟರೆ ಅವನ ಟಿಕೀಟು, ಅವನ ಕೂಲಿ ಬೇರೆ. ವಾರಕ್ಕೆ ಮೂರು ಸಲ ಬನ್ನಿ ಅಂದದ್ದು ವಾರಕ್ಕೊಂದಾಗುತ್ತದೆ, ತಿಂಗಳಿಗೊಂದಾಗುತ್ತದೆ, ಸುಗ್ಗಿ ಬಂದರೆ ನಿಂತೇ ಹೋಗುತ್ತದೆ. ಫೈಲು ಮಾತ್ರ ಅಟ್ಟದ ಮೇಲೆ ಭದ್ರವಾಗಿರುತ್ತದೆ.

ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನ ಒಬ್ಬ ಥೆರಪಿಸ್ಟ್ ಬಂದು ಕೂತರೆ ನಲವತ್ತು ತಾಯಂದಿರು ಮೈಸೂರಿಗೆ ಬರುವುದು ತಪ್ಪುತ್ತದೆ. ಇದಕ್ಕೆ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಬಹುಶಃ ಅದಕ್ಕೇ ಯಾರಿಗೂ ಉತ್ಸಾಹ ಬರುತ್ತಿಲ್ಲ.

ಹದಿನೆಂಟಾದ ಮೇಲೆ

ಮಗು ಮಗುವಾಗಿಯೇ ಇರುವುದಿಲ್ಲ. ಹದಿನೆಂಟಕ್ಕೆ ಶಾಲೆಯ ಹಕ್ಕು ಮುಗಿಯುತ್ತದೆ, ಮಕ್ಕಳ ವಿಭಾಗದ ಚೀಟಿ ಮುಗಿಯುತ್ತದೆ. ತಾಯಿ ತಂದೆಗೆ ಕಾನೂನು ಪ್ರಕಾರ ಪೋಷಕತ್ವವೂ ತಾನಾಗಿ ಮುಂದುವರಿಯುವುದಿಲ್ಲ. ಬೇಕಾದಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಸರ್ಕಾರಿ ನೌಕರಿಯಲ್ಲಿ ನೂರಕ್ಕೆ ನಾಲ್ಕು ಮೀಸಲು ಅಂತ 2016ರ ಕಾಯಿದೆ ಹೇಳುತ್ತದೆ, ಅದರಲ್ಲಿ ಒಂದು ಪಾಲು ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ತೊಡಕು, ಮಾನಸಿಕ ಕಾಯಿಲೆ, ಬಹುವಿಧ ನ್ಯೂನತೆ ಎಲ್ಲರಿಗೂ ಸೇರಿ. ನೂರಕ್ಕೆ ಒಂದು, ಇಷ್ಟು ಜನಕ್ಕೆ. ಬೋರ್ಡಿನಲ್ಲಿ ಬರೆದ ‘ಔದ್ಯೋಗಿಕ’ ಅನ್ನುವ ಪದಕ್ಕೆ ನಿಜವಾದ ಅರ್ಥ ಬರಬೇಕಾದ ವಯಸ್ಸು ಇದು. ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತದೆ.

ಹಾಗಾಗಿ ಸಂತೆಪೇಟೆ, ಶಿವರಾಂಪೇಟೆಯ ಅಂಗಡಿಯವರ ಹತ್ತಿರವೇ ಈ ಪ್ರಶ್ನೆ ಬರುತ್ತದೆ. ಕಾಲು ಕಿಲೋ ಬೇಳೆ ತೂಗಿ ಪೊಟ್ಟಣ ಕಟ್ಟುವುದು, ಲೇಬಲ್ ಅಂಟಿಸುವುದು, ಬಾಟಲಿ ಸಾಲಾಗಿ ಜೋಡಿಸುವುದು, ಬಿಲ್ಲುಗಳನ್ನು ತಾರೀಖಿನ ಪ್ರಕಾರ ಚುಚ್ಚುವುದು. ಮಾಮೂಲಿ ಹುಡುಗ ಹದಿನೈದು ದಿನಕ್ಕೆ ಬೇಸತ್ತು ಬಿಟ್ಟು ಹೋಗುವ ಕೆಲಸಗಳು. ದಿನಾ ಒಂದೇ ಕ್ರಮ ಇದ್ದರೆ ನೆಮ್ಮದಿ ಅನ್ನುವ ಇಂಥ ಯುವಕರಲ್ಲಿ ಕೆಲವರು ಇದನ್ನು ಒಂದು ಗ್ರಾಂ ತಪ್ಪದೆ ಮಾಡಬಲ್ಲರು. ಎಲ್ಲರೂ ಅಲ್ಲ, ಆಟಿಸಂ ಇದ್ದವರೆಲ್ಲ ಲೆಕ್ಕದಲ್ಲಿ ಪಂಡಿತರು ಅನ್ನುವುದು ಸಿನಿಮಾದವರು ಹಬ್ಬಿಸಿದ ಮಾತು. ಕೆಲಸ ಕೊಡುವವರು ಮಾಡಬೇಕಾದ್ದು ಇಷ್ಟೇ. ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಬೇಕು. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ‘ಅದನ್ನ ಅಲ್ಲಿಡು’ ಅಂದರೆ ತಿಳಿಯುವುದಿಲ್ಲ. ‘ಕೆಂಪು ಡಬ್ಬ ಎರಡನೇ ಅಟ್ಟಕ್ಕೆ’ ಅಂದರೆ ತಿಳಿಯುತ್ತದೆ. ಸ್ಪೀಕರಿನಿಂದ, ಗಿರಾಕಿಗಳ ಗಲಾಟೆಯಿಂದ ದೂರ ಒಳಕೋಣೆಯಲ್ಲಿ ಕೂರಿಸಬೇಕು. ಮತ್ತೆ ಸಂಬಳ. ‘ಟೈಂಪಾಸ್ ಆಗ್ತದಲ್ಲ, ಊಟ ಕೊಡ್ತೀನಿ’ ಅನ್ನುವ ಧರ್ಮಾತ್ಮರು ಪೇಟೆಯಲ್ಲಿ ಕಮ್ಮಿ ಏನಿಲ್ಲ. ತೂಗಿದ ಬೇಳೆ ಮಾರಿ ಬಂದ ದುಡ್ಡು ಧರ್ಮದ್ದಲ್ಲವಲ್ಲ.

ಬಸ್ಸಿನಲ್ಲಿ ಆಗುವ ಕೆಲಸವೂ ಸಣ್ಣದೇನಲ್ಲ. ಥೆರಪಿ ಕೋಣೆಯಲ್ಲಿ ಆಟದ ನೋಟು, ಆಟದ ಚಿಲ್ಲರೆ ಇಟ್ಟು ಕಲಿಸುತ್ತಾರೆ; ಅದು ಪಕ್ಕಾ ಆಗುವುದು ನಿಜವ��ದ ಕಂಡಕ್ಟರಿಗೆ ನಿಜವಾದ ದುಡ್ಡು ಕೊಟ್ಟಾಗಲೇ. ಸಂಜೆ ವಾಪಸು ಹೊರಡುವ ಬಸ್ಸಿನಲ್ಲಿ ಅಮ್ಮ ಸುಮ್ಮನೆ ಕೂತು, ಹದಿಮೂರು ವರ್ಷದ ಮಗನ ಕೈಗೆ ದುಡ್ಡು ಕೊಟ್ಟಿರುತ್ತಾಳೆ. ಅವನು ಊರಿನ ಹೆಸರು ಹೇಳಬೇಕು, ನೋಟು ಚಾಚಬೇಕು, ಟಿಕೀಟು ತೆಗೆದುಕೊಳ್ಳಬೇಕು, ಚಿಲ್ಲರೆ ಎಣಿಸಬೇಕು. ನಾಲ್ಕು ಹೆಜ್ಜೆ. ಅವಸರದ ಕಂಡಕ್ಟರು ಅಮ್ಮನ ಮುಖ ನೋಡಿ “ಎಲ್ಲಿಗಮ್ಮಾ?” ಅಂದುಬಿಟ್ಟರೆ ಆ ದಿನದ ಪಾಠ ಅಲ್ಲಿಗೆ ಖಲಾಸು. ಕೆಲವರು ಹಾಗಲ್ಲ. ಹುಡುಗನ ಕಡೆಗೇ ಬಗ್ಗಿ “ಎಲ್ಲಿಗಪ್ಪಾ ರಾಜಾ?” ಅಂತ ಕೇಳಿ, ಅರ್ಧ ನಿಮಿಷ ಕಂಬಿಗೆ ಒರಗಿ ನಿಲ್ಲುತ್ತಾರೆ. ಹಿಂದಿನ ಸೀಟಿನಿಂದ “ಬೇಗ ಆಗ್ಲಿ ಸಾರ್” ಅನ್ನುವವರು ಅನ್ನುತ್ತಲೇ ಇರುತ್ತಾರೆ. ಹುಡುಗ ಕಿಟಕಿ ನೋಡುತ್ತಾನೆ, ನೋಟು ನೋಡುತ್ತಾನೆ, ಊರಿನ ಹೆಸರು ಹೇಳುತ್ತಾನೆ.